ಕರಡಿ ಎಳೆತಂದ ಬೊಗುಮಿಲ್

ಆ ಪುಟವನ್ನು ಹ್ಯಾನಾಗೆ ತೋರಿಸಿದ್ದು ನಾನೇ. ಬೇಕೆಂದೇ ತೋರಿಸಿದ್ದು. ಹನ್ನೆರಡು ವರ್ಷವಾಯಿತು, ಅವಳಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ಅವಳಪ್ಪ ಮಾರೆಕ್ ಪೋಲೆಂಡಿನವನು. ಐರ್ಲೆಂಡಿನ ಅತ್ಲೋನ್ ಊರಿನಲ್ಲಿ ನಮ್ಮ ಪಕ್ಕದ ಮನೆ. ಫ್ಯಾಕ್ಟರಿಯಲ್ಲಿ ನನ್ನ ಸೂಪರ್‌ವೈಸರ್. ಅವನ ವಂಶದ ಮೂಲಪುರುಷ ಬೊಗುಮಿಲ್ ಕರಡಿಯೊಂದನ್ನು ಕಿವಿ ಹಿಡಿದು ರಾಜನ ಮುಂದೆ ಎಳೆತಂದನಂತೆ, ರಾಜ ಜಹಗೀರು ಕೊಟ್ಟನಂತೆ. ಮಾರೆಕ್‌ನ ಉಂಗುರದ ಮೇಲೂ ಕರಡಿ. ಕೇಳಿ ಕೇಳಿ ನಮಗೆಲ್ಲ ಸಾಕಾಗಿತ್ತು.

ಒಂದು ದಿನ ಕ್ಯಾಂಟೀನಿನಲ್ಲಿ ನಾನೂ ಬಾಯಿಬಿಟ್ಟೆ — ಶಿವಾಜಿನಗರದಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ನನ್ನ ತಾತ ಒಮ್ಮೆ ಮೈಸೂರು ಮಹಾರಾಜರ ಕೊಡೆ ಸರಿಮಾಡಿಕೊಟ್ಟಿದ್ದರು ಎಂದು. ಮಾರೆಕ್ ಟೇಬಲ್ ಕುಟ್ಟಿ ನಕ್ಕ. "ಸಾಕ್ಷಿ ಎಲ್ಲಿ, ಸಬೀನಾ? ಕೊಡೆ ರಿಪೇರಿಯವರೆಲ್ಲ ಹೀಗೇ ಹೇಳೋದು!" ಎಲ್ಲರೂ ನಕ್ಕರು. ನಾನೂ ನಕ್ಕೆ — ಥೂ, ಅದೇ ಇವತ್ತಿಗೂ ಉರಿಯುತ್ತದೆ. ಸಾಕ್ಷಿ ಬೇಕಾ ನಿನಗೆ? ಇರು, ಕೊಡ್ತೀನಿ ಅಂದುಕೊಂಡೆ.

ಹತ್ತು ವರ್ಷದ ಹ್ಯಾನಾ ಶಾಲೆ ಬಿಟ್ಟ ಮೇಲೆ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಮಕ್ಕಳು ಶಾಲೆಯಲ್ಲಿ ಎಲ್ಲರ ಮುಂದೆ ತಮ್ಮ ಮನೆತನದ ಕಥೆ ಹೇಳಬೇಕಿತ್ತು. ಬೊಗುಮಿಲ್ ಬಗ್ಗೆ ಹುಡುಕಿಕೊಡಿ ಅಂದಳು. ನಾನು ಆಗಲೇ ಹುಡುಕಿಟ್ಟಿದ್ದೆ — ಅಂಥವನು ಇರಲೇ ಇಲ್ಲ, ಎಷ್ಟೋ ಕಾಲದ ಮೇಲೆ ಯಾರೋ ಕಟ್ಟಿದ ಕಥೆ ಎಂದು ಇತಿಹಾಸಕಾರರು ಬರೆದಿದ್ದ ಪುಟ. ಅದನ್ನು ಮಾರೆಕ್‌ನ ಮುಖಕ್ಕೇ ಹಿಡಿಯಬಹುದಿತ್ತು. ಆದರೆ ನನಗೆ — ಅವನ ಮಗಳ ಬಾಯಿಂದಲೇ ಹೇಳಿಸಬೇಕಿತ್ತು.

"ನಿಜಾನೇ ಹೇಳು ಪುಟ್ಟಾ," ಅಂದೆ. "ಅಪ್ಪನಿಗೆ ಮೊದಲೇ ಹೇಳಬೇಡ, ಸರ್ಪ್ರೈಸ್."

ಆ ದಿನ ಶಾಲೆಯಲ್ಲಿ ಅಪ್ಪ-ಅಮ್ಮಂದಿರ ನಡುವೆ ನಾನೂ ಹೋಗಿ ಕೂತಿದ್ದೆ. "ಬೊಗುಮಿಲ್ ಇರಲೇ ಇಲ್ಲ, ಡ್ಯಾಡ್! ಬಟ್ ಇಟ್ಸ್ ಗ್ರ್ಯಾಂಡ್," ಅಂದಳು ಹ್ಯಾನಾ, ಪರವಾಗಿಲ್ಲ ಬಿಡು ಎನ್ನುವ ಹಾಗೆ ನಗುತ್ತಾ. ಮಾರೆಕ್ ಉಂಗುರದ ಬೆರಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಆಮೇಲೆ — ಅಪ್ಪನ ಮುಖ ನೋಡಿ ಹುಡುಗಿಯ ನಗು ನಿಂತಿತು. ಏನು ತಪ್ಪು ಮಾಡಿದೆ ಎಂಬಂತೆ ನನ್ನ ಕಡೆ ತಿರುಗಿದಳು. ನಾನು ಬೇರೆ ಕಡೆ ನೋಡಿದೆ.

ಮಾರನೇ ದಿನದಿಂದ ಮಾರೆಕ್ ಉಂಗುರ ಹಾಕಲಿಲ್ಲ. ಹ್ಯಾನಾ ನನ್ನ ಹೆಸರು ಹೇಳಲಿಲ್ಲ. ನನ್ನ ಗಂಡ ಮಾತ್ರ ಒಂದೇ ಮಾತು ಅಂದರು: "ಅವನ ಮೇಲಿನ ಸಿಟ್ಟನ್ನ ಮಗೂ ಕೈಲಿ ತೀರಿಸ್ಕೊಂಡ್ಯಲ್ಲೇ."

ಈಗ ನನ್ನ ಮಗಳಿಗೂ ಹತ್ತು ವರ್ಷ. ಮೊನ್ನೆ ಶಾಲೆಗೆಂದು ನಮ್ಮ ಮನೆತನದ ಕಥೆ ಬರೆಯುತ್ತಾ ಕೇಳಿದಳು — ಅಮ್ಮೀ, ನಿಮ್ಮ ತಾತ ನಿಜವಾಗಲೂ ಮಹಾರಾಜರ ಕೊಡೆ ರಿಪೇರಿ ಮಾಡಿದ್ದರಾ?

ಹೌದು, ಅಂದೆ. ನಾನು ಅದನ್ನು ಯಾವತ್ತೂ ಹುಡುಕಿ ನೋಡಿಲ್ಲ.