ಕೌದಿಯ ಕೊನೆಯ ಮೂಲೆ

ಬೆಟಗೇರಿಯ ಮಶಿನ್ ಅಂಗಡಿ ಕಾಕಾನ ಬಲಗೈ ತೋರುಬೆರಳಿನ ಉಗುರಿನ ನಟ್ಟನಡುವೆ ಒಂದು ಕರಿಯ ಚುಕ್ಕೆ ಇತ್ತು. ವಯಸ್ಸಿನಲ್ಲಿದ್ದಾಗ ಹೊಲಿಗೆ ಮಶಿನ್ನಿನ ಸೂಜಿ ಆ ಬೆರಳಿನ ಆರಪಾರ ಹೋಗಿತ್ತಂತೆ. ಗಿರಾಕಿಗಳು ಎದುರು ಮಾತಾಡಿದರೆ ಬೆರಳನ್ನು ಅವರ ಮೂಗಿನ ಮುಂದೆ ಹಿಡಿದು, "ಮೊದಲ ಇದನ್ನ ನೋಡ್ರಿ, ಆಮ್ಯಾಲೆ ಮಾತಾಡ್ರಿ" ಅನ್ನುತ್ತಿದ್ದರು.

ಎಣ್ಣೆ ಕೈಯ ಕಸುಬಾದರೂ ಅವರು ಉಟ್ಟ ಧೋತರ ಹಾಲಿನಂತೆ ಬೆಳ್ಳಗಿರುತ್ತಿತ್ತು. ಅಂಗಿಯ ಎರಡನೆಯ ಗುಂಡಿಯ ಜಾಗದಲ್ಲಿ ಮಾತ್ರ ಸದಾ ಒಂದು ಪಿನ್ನು. "ಊರ ಮಂದಿಗೆಲ್ಲ ಮಶಿನ್ ಮಾರತೀರಿ, ನಿಮ್ಮ ಗುಂಡಿ ಎಲ್ಲಿ ಹೋತ್ರಿ ಕಾಕಾ?" ಎಂದು ನಾನು ಛೇಡಿಸಿದರೆ, "ಸೂಜಿಗೂ ನನ್ನ ಕೈಗೂ ಒಂದ ಸಲ ಭೇಟಿ ಆಗೇತಿ, ಅಷ್ಟ ಸಾಕು" ಎಂದು ಮತ್ತೆ ಉಗುರು ತೋರಿಸುತ್ತಿದ್ದರು. ಕೈಹೊಲಿಗೆ ಬಾರದು ಅನ್ನುವುದನ್ನು ಅವರಷ್ಟು ಜಂಬದಿಂದ ಹೇಳಿಕೊಂಡವರನ್ನು ನಾನು ಕಂಡಿಲ್ಲ.

ಅವ್ವ ತೀರಿಕೊಂಡ ವರ್ಷ ನಾನು ಅವರಲ್ಲಿಗೆ ಹೊಸ ಮಶಿನ್ ಕೊಳ್ಳಲು ಹೋದೆ. ಬೆಳ್ಳಟ್ಟಿಯ ತವರಿನಲ್ಲಿ ನಾವು ಅಕ್ಕತಂಗಿಯರು ಅವ್ವನ ಸೀರೆಗಳನ್ನು ಹಂಚಿಕೊಂಡಿದ್ದೆವು. ನನ್ನ ಪಾಲಿಗೆ ಬಂದ ಆರು ಇಳಕಲ್ ಸೀರೆಗಳನ್ನು ಸೇರಿಸಿ ಹೊದೆಯಲು ಒಂದು ಕೌದಿ ಹೊಲಿಯಬೇಕೆಂಬುದು ನನ್ನ ಆಸೆ. ಅವ್ವ ಆಯುಷ್ಯವಿಡೀ ಕೈಯಿಂದಲೇ ಕೌದಿ ಹೊಲಿದವಳು. ನನಗೆ ಆ ವಿದ್ಯೆ ಬರಲಿಲ್ಲ, ಕಲಿಯುವ ತಾಳ್ಮೆಯೂ ಇರಲಿಲ್ಲ. ಮನೆಯ ಹಳೆಯ ಮಶಿನ್ನು ಅಷ್ಟು ಪದರಗಳನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಕೆಟ್ಟರೆ ಆ ಸೀರೆಗಳು ಮತ್ತೆ ಸಿಗುವಂಥವಲ್ಲ ಎಂಬ ಹೆದರಿಕೆ ಬೇರೆ.

ಮೊಬೈಲಿನಲ್ಲಿ ನೋಡಿದ್ದ, ಹೂವು ಬಳ್ಳಿಗಳನ್ನು ತಾನೇ ಬಿಡಿಸುವ ಮಶಿನ್ನಿನ ಹೆಸರು ಹೇಳಿದೆ. ಕಾಕಾ ತಲೆ ಎತ್ತಲಿಲ್ಲ.

"ಏನ ಹೊಲಿಯಾಕಿ ನೀ?"

"ಕೌದಿ."

"ಅರಿವಿ ತಂದೀಯೇನು? ಬಾಯಿಲೆ ಮಶಿನ್ ಆರಿಸಾಕ ಬರಂಗಿಲ್ಲ. ಅರಿವಿ ತಗೊಂಡ ಬಾ."

ಅವರ ಅಂಗಡಿಯ ಕಾನೂನೇ ಅದು. ಹೊಲಿಯುವ ಬಟ್ಟೆಯನ್ನು ತರದವರಿಗೆ ಮಶಿನ್ ಮುಟ್ಟಲೂ ಬಿಡುತ್ತಿರಲಿಲ್ಲ. ಮರುದಿನ ಒಂದು ಸೀರೆ ಒಯ್ದೆ. ಕಣ್ಣೀರು ಬಂದೀತೆಂದು ಅದು ಅವ್ವನದೆಂದು ಹೇಳಲಿಲ್ಲ, ಮನೆಯಲ್ಲಿ ಬಿದ್ದಿದ್ದ ಹಳೆಯ ಸೀರೆ ಎಂದೆ. ಕಾಕಾ ಅದರ ಸೆರಗಿನಿಂದ ಗೇಣಗಲ ಕತ್ತರಿಸಿ, ಮಡಚಿ, ಒಂದು ದಪ್ಪ ಮಶಿನ್ನಿಗೆ ಕೊಟ್ಟರು. "ಇದು ಗೋಣಿಚೀಲಾನೂ ಹೊಲೀತೈತಿ. ನಿನ್ನ ಕೌದಿ ಯಾವ ಲೆಕ್ಕ?" ಎಂದು ಗುಂಡಿ ಒತ್ತಿದರು.

ಮಶಿನ್ನಿನ ಹಲ್ಲು ಸವೆದ ನೂಲನ್ನು ಕಚ್ಚಿತು. ಪರ್‌ರನೆ ಸೆರಗು ಸೀಳಿತು.

"ಕಾಕಾ! ಅದು ನಮ್ಮವ್ವನ ಸೀರಿ!"

ಕಾಕಾ ಮಶಿನ್ ನಿಲ್ಲಿಸಿದರು. "ಮೊದಲ ಹೇಳಬೇಕಿತ್ತಲ್ಲಬೇ ಯವ್ವಾ" ಎಂದರು, ಮೆಲ್ಲಗೆ. "ನೀವು ಕೇಳಬೇಕಿತ್ತು" ಎಂದು ಚೀರಿ, ಹರಿದ ತುಂಡನ್ನು ಅಲ್ಲೇ ಎಸೆದು ಹೊರಬಿದ್ದೆ. ಮನಸ್ಸು ತಣ್ಣಗಾದ ಮೇಲೆ ತುಂಡು ಕೇಳಲು ಹೋದರೆ, "ಎಲ್ಲೋ ಹೋತು" ಎಂದು ಬೇರೆ ಕಡೆ ನೋಡಿದರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲವಂತೆ. ನನ್ನ ಸೆರಗೂ ಹಾಗೇ ಆಯಿತೆಂದು ಹಳಹಳಿಸಿದೆ.

ಹದಿನೈದು ದಿನಕ್ಕೆ ಅವರೇ ಹೇಳಿ ಕಳಿಸಿದರು. ತಮ್ಮ ನಾಲ್ಕು ಹಳೆಯ ಧೋತರಗಳನ್ನು ಅಂಗಡಿಯ ಒಂದೊಂದೇ ಮಶಿನ್ನಿಗೆ ಕೊಟ್ಟು, ಹರಿಯುವಷ್ಟನ್ನು ಹರಿದು, ಕಡೆಗೆ ಒಂದು ಮಶಿನ್ನನ್ನು ತೆಗೆದಿಟ್ಟಿದ್ದರು. ಬಟ್ಟೆಯನ್ನು ಅದುಮಿ ಹಿಡಿಯುವ ಅದರ ಪಾದ ಎತ್ತರಕ್ಕೆ ಏಳುತ್ತಿತ್ತು, ಬಟ್ಟೆಯ ಮೇಲಿನ ಒತ್ತು ಬೇಕಾದಷ್ಟು ಸಡಿಲಾಗುತ್ತಿತ್ತು. "ಹೂವು ಬಳ್ಳಿ ಇದಕ್ಕ ಬರಂಗಿಲ್ಲ. ಸೀದಾ ನಡೀತೈತಿ, ಅಷ್ಟ. ಹಳೇ ಅರಿವಿಗೆ ಕೆಳಗೊಂದು ಗಟ್ಟಿ ಅಸ್ತರ ಕೊಡು. ಜಲ್ದಿ ಮಾಡಬ್ಯಾಡ." ನಾನು ಅದನ್ನೇ ಕೊಂಡೆ. ಅವ್ವನ ಸೀರೆಯ ಒಂದು ಎಳೆಯೂ ಅದರಲ್ಲಿ ಕಿತ್ತುಬರಲಿಲ್ಲ.

ಕೆಟ್ಟದ್ದು ನನ್ನ ಬುದ್ಧಿಯಿಂದ. ಕೌದಿ ಮುಗಿಯುವಾಗ ಅದರ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿಯುವುದು ನಮ್ಮ ಮನೆತನದ ಪದ್ಧತಿ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನಾನು ಖಡಕ್ ಜೋಳದ ರೊಟ್ಟಿಯ ಚೂರಿಟ್ಟು ಅದರ ಮೇಲೆ ಮಶಿನ್ ಓಡಿಸಿದೆ! ಸೂಜಿ ಮುರಿಯಿತು, ಮಶಿನ್ ಗಕ್ಕನೆ ನಿಂತಿತು. ಕಾಕಾ ಅದನ್ನು ಬಿಚ್ಚಿ, ಬಾಬಿನ್ನಿನ ಗೂಡಿನಿಂದ ರೊಟ್ಟಿಯ ಪುಡಿ ಕೊಡವಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಷ್ಟ ವರ್ಷದಾಗ ಮಶಿನ್ನಿಗೆ ರೊಟ್ಟಿ ಉಣಿಸಿದಾಕಿ ನೀ ಒಬ್ಬಾಕಿನ ನೋಡು!"

ಆಮೇಲೆ ನಗು ನಿಲ್ಲಿಸಿ ಹೇಳಿದರು: "ಕಡೀ ಮೂಲಿ ಕೈಲೆ ಹೊಲಿ. ನಿಮ್ಮವ್ವನ ಕೌದಿ ಅದು, ಅಷ್ಟಾದ್ರೂ ಕೈ ಹತ್ತಲಿ."

"ನನಗ ಬರಂಗಿಲ್ರಿ ಕಾಕಾ. ಸೊಟ್ಟ ಆಗತೈತಿ."

"ಸೊಟ್ಟ ಹೊಲದ್ರ ಬಿಚ್ಚಿ ಹೋಗತೈತೇನು?"

ಗುಂಡಿ ಹಚ್ಚಲು ಬಾರದವರು ನನಗೆ ಬುದ್ಧಿ ಹೇಳುತ್ತಾರಲ್ಲ ಎಂದು ಒಳಗೊಳಗೇ ನಕ್ಕೆ. ಮನೆಗೆ ಬಂದು ಆ ಮೂಲೆಗೆ, ಅವರ ಅಂಗಿಯ ಹಾಗೆಯೇ, ಒಂದು ಪಿನ್ನು ಚುಚ್ಚಿಟ್ಟೆ. ಇವತ್ತು ನಾಳೆ ಎನ್ನುತ್ತ ಎರಡು ವರ್ಷ ಕಳೆದವು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಹೆಂಡತಿ ಒಳಗಿನಿಂದ ಬಾಬಿನ್ನಿನ ಡಬ್ಬಿಯೊಂದನ್ನು ತಂದು ನನ್ನ ಕೈಗಿಟ್ಟರು. ಅದರಲ್ಲಿ ಅವ್ವನ ಸೆರಗಿನ ತುಂಡು. ಹರಿದಲ್ಲಿ ಕೈಹೊಲಿಗೆ ಬಿದ್ದಿತ್ತು. ಒಂದು ಹೊಲಿಗೆ ಗಿಡ್ಡ, ಒಂದು ಉದ್ದ, ಮತ್ತೊಂದು ದಾರಿ ತಪ್ಪಿ ಅಂಚಿನವರೆಗೆ ಹೋಗಿ ಬಂದಿತ್ತು. ಅಲ್ಲೊಂದು ಇಲ್ಲೊಂದು ರಕ್ತದ ಸಣ್ಣ ಕಲೆ.

"ಗುಂಡಿ ಹಚ್ಚಾಕ ಬರದ ಮನಶ್ಯಾ, ಎರಡ ದಿನ ಕುಂತ ಇದನ್ನ ಹೊಲದ್ರವಾ" ಎಂದರು ಆಕೆ. "ನಾ ಹೊಲದ ಕೊಡ್ತೇನಿ ಅಂದ್ರೂ ಕೊಡಲಿಲ್ಲ. ಹರದಾಂವ ನಾ, ನಾನ ಹೊಲೀಬೇಕು ಅಂದ್ರು. ಆಮ್ಯಾಲೆ ಸೊಟ್ಟ ಆಗೇತಿ ಅಂತ ನಿನಗ ಕೊಡಾಕ ನಾಚಿಕಿ."

ಅಲ್ಲೇ ಕುಳಿತು ಅತ್ತೆ. ಅವ್ವ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಅದೇ ಸಂಜೆ ಕೌದಿಯ ಪಿನ್ನು ತೆಗೆದು, ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು, ಮೇಲೆ ಆ ತುಂಡನ್ನು ಹಚ್ಚಿ ಕೈಯಿಂದ ಹೊಲಿದೆ. ನನ್ನ ಹೊಲಿಗೆ ಕಾಕಾನದಕ್ಕಿಂತ ಸೊಟ್ಟ. ದಿನಾ ಹೊದೆಯುತ್ತೇನೆ, ಇನ್ನೂ ಬಿಚ್ಚಿ ಹೋಗಿಲ್ಲ.