ದೆವ್ವಗಳನ್ನು ಒಳಗೆ ಕರೆದ ರುಕ್ಮಿಣಿಯಮ್ಮ

ರುಕ್ಮಿಣಿಯಮ್ಮ ಹೊಸ್ತಿಲಿನ ಆಚೆ ಈಚೆ ನಿಂತು ಯಾರಿಗೂ ಏನನ್ನೂ ಕೊಟ್ಟವರಲ್ಲ, ತೆಗೆದುಕೊಂಡವರೂ ಅಲ್ಲ. ಕೊರಿಯರಿನವನೇ ಆಗಲಿ, ಅವನು ಒಳಗೆ ಬರಬೇಕು, ಇಲ್ಲವೇ ಇವರು ಹೊರಗೆ ಬರಬೇಕು. ಬೆಸೆಂಟ್ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಎದುರು ಮನೆ ಅವರದು. ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದ ಮಾಧ್ವರು. ಕನ್ನಡ ಬಿಟ್ಟಿರಲಿಲ್ಲ, ತಮಿಳು ಅದರೊಳಗೆ ಸಲೀಸಾಗಿ ಬಂದು ಕೂತಿತ್ತು.

ಅಕ್ಟೋಬರ್ ಕೊನೆಗೆ ಮಳೆಯ ಜತೆಗೇ ನಮ್ಮಲ್ಲಿ ಹ್ಯಾಲೋವೀನ್ ಜಗಳವೂ ಹಿಡಿದುಕೊಳ್ಳುತ್ತದೆ. ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಚಾಕಲೇಟ್ ಕೇಳಲು ಬರುವ ಸಂಜೆ ಅದು. ಕೆಳಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ "ಇದು ನಮ್ಮ ಸಂಸ್ಕೃತಿಯೇ?" ಎಂದು ವಾಟ್ಸ್ಯಾಪ್ ಗ್ರೂಪಿನಲ್ಲಿ ಉದ್ದಕ್ಕೆ ಬರೆದು, ದೀಪ ಆರಿಸಿ ಕೂರುತ್ತಾರೆ. ಮೇಲಿನ ಹೊಸ ಜೋಡಿ ಬಾಗಿಲಾಚೆ ಚಾಕಲೇಟ್ ಬುಟ್ಟಿ ಇಟ್ಟು ಒಳಗೆ ಟೀವಿ ನೋಡುತ್ತದೆ. ಓದಿ ಓದಿ ನನಗಂತೂ ಸಾಕಾಗಿತ್ತು. ರುಕ್ಮಿಣಿಯಮ್ಮ ನಕ್ಕು, "ಒಬ್ಬರು ಬಾಗಿಲು ಮುಚ್ಚಿದ್ರು, ಇನ್ನೊಬ್ಬರು ಬುಟ್ಟಿ ಇಟ್ಟು ಬಾಗಿಲು ಮುಚ್ಚಿದ್ರು. ಎರಡೂ ಒಂದೇ ತಾನೇಪ್ಪಾ?" ಎಂದರು.

ಅವರ ಬಾಗಿಲಿಗೆ ಮಕ್ಕಳು ಬಂದ ಮೊದಲ ಸಲ ನಾನೂ ಅಲ್ಲಿದ್ದೆ.

"ದೆವ್ವ ಆದ್ರೇನು, ಚಪ್ಪಲಿ ಬಿಟ್ಟು ಒಳಗೆ ಬಾ."

"ಟೈಮ್ ಇಲ್ಲೆ ಪಾಟಿ, ಇನ್ನುಂ ನಾಲು ವೀಡು ಇರುಕ್ಕು!" ಅಜ್ಜಿಗೆ ಒಂದು ದೆವ್ವ ತಮಿಳಿನಲ್ಲೇ ಉತ್ತರ ಕೊಟ್ಟಿತು.

"ಇನ್ನೂ ನಾಲ್ಕು ಮನೆ ಇದ್ರೆ ಇರಲಿ, ಅವೆಲ್ಲಿ ಓಡಿಹೋಗ್ತವೆ? ಕೂತ್ಕೋ."

ದೆವ್ವಗಳೆಲ್ಲ ಸಾಲಾಗಿ ನೆಲದ ಮೇಲೆ ಕೂತು ಕಡಲೆಕಾಳಿನ ಉಸಲಿ ತಿಂದವು. ಒಬ್ಬಳು ಕೋರೆಹಲ್ಲು ಬಿಚ್ಚಿ ಲೋಟದ ಪಕ್ಕ ಇಟ್ಟುಕೊಂಡಿದ್ದಳು.

ಮಾರನೆಯ ದಿನ ಒಬ್ಬ ತಾಯಿ ಗ್ರೂಪಿನಲ್ಲಿ ಬರೆದರು: ಮಕ್ಕಳು ಯಾರ ಮನೆಯೊಳಗೂ ಹೋಗುವುದು ಬೇಡ. ಅಸೋಸಿಯೇಷನ್ ಅದನ್ನೇ ನಿಯಮ ಮಾಡಿತು. ನಾನು ಓದಿ ಹೇಳಿದ್ದಕ್ಕೆ ರುಕ್ಮಿಣಿಯಮ್ಮ ಅಂದರು: "ತಾಯಿ ಹೆದರೋದು ತಪ್ಪಲ್ಲ. ಕಾಲ ಹಾಗಿದೆ. ಆದ್ರೆ ಹೊಸ್ತಿಲ ಮೇಲಿಂದ ಮಗೂಗೆ ಕೊಡೋಕೆ ನನ್ನ ಕೈ ಬರೊಲ್ಲಪ್ಪಾ."

ಹೋದ ವರ್ಷ ಹ್ಯಾಲೋವೀನ್ ಸಂಜೆ ಲಿಫ್ಟ್ ಕೆಟ್ಟಿತ್ತು. ಆಫೀಸಿನಿಂದ ಬಂದವನು ಕಾಲೆಳೆಯುತ್ತಾ ಹತ್ತಿದರೆ, ರುಕ್ಮಿಣಿಯಮ್ಮ ಮೆಟ್ಟಿಲ ಮೇಲೆ ಉಸಲಿಯ ಪಾತ್ರೆ ಹಿಡಿದು ಕೂತಿದ್ದಾರೆ.

"ಇದೇನಮ್ಮಾ ಇಲ್ಲಿ?"

"ಅವರು ಒಳಗೆ ಬರಕೂಡದು ಅಂದ್ರೆ ನಾನೇ ಆಚೆ ಬಂದೆ. ಮುಗೀತಲ್ಲ?"

ಪಾತ್ರೆ ಮುಕ್ಕಾಲು ಹಾಗೇ ಇತ್ತು. ಮಕ್ಕಳ ಕೈ ಹಿಡಿದ ದೊಡ್ಡವರು "ಇನ್ನೊಂದ್ಸಲ ಪಾಟಿ" ಎಂದು ದಾಟಿಕೊಂಡು ಹೋಗಿದ್ದರಂತೆ. ನಾನು ಪಕ್ಕದಲ್ಲಿ ಕುಸಿದು ಕೂತೆ. ಅವರು ನನ್ನ ಅಂಗೈಗೆ ಉಸಲಿ ಬಡಿಸಿದರು.

"ನೀನು ವೇಷ ಹಾಕಿಲ್ಲ. ಪರವಾಯಿಲ್ಲೆ, ಮುಖ ದೆವ್ವದ ಹಾಗೇ ಇದೆ. ತಿನ್ನು."

ಇಬ್ಬರೂ ನಕ್ಕೆವು. ಏಳಲು ಅವರಿಗೆ ಆಗಲಿಲ್ಲ. ತೋಳು ಹಿಡಿದು ಎಬ್ಬಿಸಿದೆ. "ಸಾಕಾಯ್ತಪ್ಪಾ" ಎಂದರು. ಉಸಲಿಯ ಮಾತೋ, ಸೊಂಟದ್ದೋ, ಕೇಳಲಿಲ್ಲ. ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸ, ಕಳೆಯುವ ಮೊದಲೇ ತೀರಿಕೊಂಡರು.

ಈ ವರ್ಷ ಮಕ್ಕಳು ಬಂದರು, ಹೋದರು. ಯಾರ ಮನೆಯೊಳಗೆ ಹೋಗಬಹುದು, ಹೋಗಬಾರದು ಎಂಬ ಮಾತು ಗ್ರೂಪಿನಲ್ಲಿ ಬರಲೇ ಇಲ್ಲ. ಒಳಗೆ ಬಾ ಎನ್ನುವವರು ಯಾರೂ ಉಳಿದಿಲ್ಲ.