ಸಾಸಿವೆ ಡಬ್ಬಿಯೊಳಗಿನ ಒಂದು ಸುಳ್ಳು

ಶಶಿರೇಖಾ ತೀರಿಕೊಂಡ ಮೇಲೂ ಅವಳ ಫೇಸ್‌ಬುಕ್ ಪುಟವನ್ನು ಯಾರೂ ಮುಚ್ಚಿಲ್ಲ. ಪುಟದ ಹೆಸರು ‘ಸಾಸಿವೆ ಡಬ್ಬಿ’. ಅವಳ ಮುಖ ಅಲ್ಲೆಲ್ಲೂ ಇಲ್ಲ. ಮುಚ್ಚಳ ಸೊಟ್ಟಗಾದ ಒಂದು ಸ್ಟೀಲ್ ಡಬ್ಬಿಯ ಚಿತ್ರವಿದೆ, ಅಷ್ಟೆ.

ಗೆಜ್ಜಲಗೆರೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಅವಳದು ಹೊಲಿದ ಶರ್ಟುಗಳನ್ನು ತಿರುಗಿಸಿ ನೋಡಿ ತಪ್ಪು ಹುಡುಕುವ ಕೆಲಸ. ಸಂಜೆ ಕಂಪನಿ ಬಸ್ಸು ಹೆದ್ದಾರಿ ಬಿಟ್ಟು ಊರ ಕಡೆ ತಿರುಗಿತೋ ಇಲ್ಲವೋ, ಕಿಟಕಿಗೆ ಒರಗಿ ಹೆಬ್ಬೆರಳಲ್ಲೇ ದಿನಚರಿ ಬರೆಯಲು ಶುರು ಮಾಡುವಳು. ದೊಡ್ಡ ಸಂಗತಿಯೇನೂ ಇರುತ್ತಿರಲಿಲ್ಲ. ಬರೀ ತನ್ನ ತಿಕ್ಕಲುಗಳು. ಹಡಗು ಹತ್ತುವ ಪ್ರತಿ ಶರ್ಟಿಗೂ ‘ಹುಷಾರಾಗಿ ಹೋಗಪ್ಪಾ’ ಎಂದು ಹೇಳಿ ಕಳಿಸುವುದು. ಮದುವೆ ಮನೆಯಲ್ಲಿ ಯಾರ ಸೀರೆಗೆ ಸಾರು ಚೆಲ್ಲುತ್ತದೆಂದು ಮೊದಲೇ ಗುರುತು ಮಾಡಿಟ್ಟುಕೊಂಡು ಕಾಯುವುದು. ಸಾಸಿವೆ ಸಿಡಿದ ಸದ್ದು ಕಿವಿಗೆ ಬೀಳುವ ತನಕ ಹಸಿವೇ ಆಗದಿರುವುದು. ಇದನ್ನೆಲ್ಲ ಓದಲು ಜನ ಇದ್ದರು. ಮಳವಳ್ಳಿ, ಮದ್ದೂರಿನವರಷ್ಟೇ ಅಲ್ಲ, ಎಲ್ಲೆಲ್ಲಿಯವರೋ. ‘ನಂಗೂ ಹಿಂಗೇ ಕಣಕ್ಕ’ ಎಂದು ಕೆಳಗೆ ಬರೆಯುವರು.

ಅವಳಿಗಿದ್ದದ್ದು ಒಂದೇ ಕಟ್ಟುಪಾಡು. ನಡೆಯದ್ದನ್ನು ಬರೆಯಬಾರದು. ಗೆಳತಿಯೊಬ್ಬಳು ಕೆಲಸ ಬಿಟ್ಟು ಹೋದ ದಿನ ‘ಅತ್ತುಬಿಟ್ಟೆ’ ಎಂದು ಬರೆದವಳು, ಮಾರನೆಯ ದಿನ ಅದರ ಕೆಳಗೇ ‘ಅಳಲಿಲ್ಲ, ಕಣ್ಣಿಗೆ ದಾರದ ಧೂಳು ಬಿದ್ದಿತ್ತು’ ಎಂದು ತಿದ್ದಿದ್ದಳು. ಅತ್ತೆಯ ಹೊಗೆಸೊಪ್ಪನ್ನು ಅಕ್ಕಿ ಡ್ರಮ್ಮಿನಲ್ಲಿ ಬಚ್ಚಿಟ್ಟದ್ದು, ಭಾವಮೈದುನನ ಮದುವೆಯ ಪಾಯಸವನ್ನು ನಾಯಿಗೆ ಹಾಕಿದ್ದು, ಎಲ್ಲವೂ ಅಲ್ಲಿತ್ತು. ಊರ ಟೀ ಅಂಗಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ನಗುವವರಿದ್ದರು. ಗಂಡ ಮಹದೇವು ಬಂದು ಗೊಣಗುವನು: “ಸುಳ್ಳಾದ್ರೂ ಬರ್ಯಮ್ಮಿ ಒಂದ್ಸಲ. ಮಾನ ಉಳೀತದೆ.”

ಅವಳು ಸುಳ್ಳು ಬರೆದದ್ದು ಒಂದೇ ಸಲ.

ಅದು ಬೇಸಿಗೆ. ಮಹದೇವುವಿನ ಅಣ್ಣ ಶಿವರಾಜು, ಅವನ ಹೆಂಡತಿ ರಂಜಿತ, ಅವರ ಮಗಳು ದೀಪಿಕ ಅದೇ ಮನೆಯ ಇನ್ನರ್ಧದಲ್ಲಿದ್ದರು. ಒಲೆ ಎರಡಾಗಿದ್ದರೂ ನಡುವಿನ ಗೋಡೆ ಅರ್ಧಕ್ಕೇ ನಿಂತಿತ್ತು. ಮೇಲೆ ಹೆಂಚು ಒಂದೇ. ಈ ಕಡೆ ಸೀನಿದರೆ ಆ ಕಡೆಯಿಂದ ‘ಸತ್ಯ’ ಎನ್ನುವರು. ಅತ್ತೆ ಪಟ್ಟಲಮ್ಮ ಎರಡೂ ಕಡೆ ಉಣ್ಣುವಳು, ಎರಡೂ ಕಡೆ ಬಯ್ಯುವಳು.

ಇನ್ನೂ ಸ್ಕೂಲಿಗೆ ಸೇರಬೇಕಾಗಿದ್ದ ದೀಪಿಕಳಿಗೆ ಮೈಮೇಲೆ ನೀರುಗುಳ್ಳೆ ಎದ್ದವು. ಅಮ್ಮ ಆಗಿದೆ, ದೇವಿ ಮನೆಗೆ ಬಂದಿದ್ದಾಳೆ ಎಂದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮಗುವನ್ನು ಬೇವಿನೆಲೆಯ ಮೇಲೆ ಮಲಗಿಸಿದರು. ಅಮ್ಮ ಇಳಿದು ಮಗುವಿನ ಮೈಗೆ ನೀರು ಹುಯ್ಯುವ ತನಕ ಆ ಸೂರಿನಡಿ ಬಾಡು ಬೇಯಬಾರದು, ಹೊರಗಿನವರು ಬರಬಾರದು, ಒಗ್ಗರಣೆ ಹಾಕಬಾರದು. ಕಾದ ಎಣ್ಣೆಯ ಘಾಟು ಅಮ್ಮನಿಗೆ ಆಗುವುದಿಲ್ಲ; ಮೂಗಿಗೆ ಬಡಿದರೆ ಸಿಟ್ಟಾಗುತ್ತಾಳೆ. ಇದು ಊರಿಗೆಲ್ಲ ಗೊತ್ತಿರುವ ಮಾತು. ಶಶಿರೇಖಾ ಕೂಡ ಇದನ್ನು ನಂಬಿದವಳೇ. ಒಗ್ಗರಣೆ ಸೌಟನ್ನು ಮೊಳೆಗೆ ತಗುಲಿಹಾಕಿ, ಸಪ್ಪೆ ಸಾರಿನಲ್ಲಿ ಮುದ್ದೆ ನುಂಗುತ್ತ ಕೆಲಸಕ್ಕೆ ಹೋಗಿ ಬರುತ್ತಿದ್ದಳು.

ಗುಳ್ಳೆಗಳೇನೋ ಬಾಡುತ್ತ ಬಂದವು. ಆದರೆ ಆ ಭಾನುವಾರ ಬೆಳಿಗ್ಗೆ ಗೋಡೆಯಾಚೆಯಿಂದ ಬರುತ್ತಿದ್ದ ಕೆಮ್ಮು ಶಶಿರೇಖಾಳಿಗೆ ಸರಿ ಕಾಣಲಿಲ್ಲ. ಹೋಗಿ ನೋಡಿದಳು. ಮಗು ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಹೆಸರು ಹಿಡಿದು ಕೂಗಿದರೆ ಕಣ್ಣು ಅರ್ಧ ತೆರೆದು ಮುಚ್ಚಿಕೊಂಡಿತು.

“ರಂಜಿತಕ್ಕ, ಇದು ಗುಳ್ಳೆ ಅಲ್ಲ. ಎದೆ ಕಟ್ಕೊಂಡದೆ. ಮಂಡ್ಯಕ್ಕೆ ಕರ್ಕೊಂಡೋಗಣ.”

ರಂಜಿತ ಮಗುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅತ್ತೆಯ ಕಡೆ ನೋಡಿದಳು.

“ಸುಮ್ಕಿರು” ಎಂದಳು ಪಟ್ಟಲಮ್ಮ, ಬೇವಿನ ಕಟ್ಟಿನಿಂದ ಮಗುವಿನ ಕಾಲು ಸವರುತ್ತ. “ಸೂಜಿ ಚುಚ್ಚುದ್ರೆ ಅಮ್ಮ ಮೈಯೊಳಕ್ಕಿಳೀತಾಳೆ. ಆಮ್ಯಾಕೆ ಯಾರ್ ಕರುದ್ರೂ ಈಚೆಗೆ ಬರಲ್ಲ.”

ಅವಳು ಮೊಂಡುತನಕ್ಕೆ ಆಡಿದ ಮಾತಲ್ಲ ಅದು. ಮಹದೇವುಗಿಂತ ಮುಂಚೆ ಅವಳಿಗೊಂದು ಹೆಣ್ಣು ಮಗುವಿತ್ತು. ಅದಕ್ಕೂ ಅಮ್ಮ ಆಗಿ, ಗಾಡಿ ಕಟ್ಟಿಕೊಂಡು ಹೋಗಿ ಸೂಜಿ ಹಾಕಿಸಿಕೊಂಡು ಬಂದ ಮಾರನೆಯ ದಿನವೇ ಅದು ಹೋಗಿತ್ತು. ಆ ಮಗುವಿನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಶಶಿರೇಖಾ ಅಂಗಳಕ್ಕೆ ಬಂದು ಶಿವರಾಜುವನ್ನು ಕೇಳಿಕೊಂಡಳು. “ಭಾವ, ನೀವಾದ್ರೂ ಹೇಳಿ.”

“ಅವ್ವ ಏಳ್ದಂಗೆ ಕನವ್ವ. ಮನೆ ಸುದ್ದವಾಗೇ ಅದೆ. ಎಲ್ಲಾ ನೇಮ ನಡ್ಸಿವಿ. ನಾಳೆ ನಾಡಿದ್ದು ತಾನೇ ಇಳೀತಾಳೆ. ಈಗ ಎತ್ಕಂಡೋಗಿ ಏನಾರ ಆದ್ರೆ ಯಾರ್ ತಡ್ಕಳೋರು?”

“ಹೋಗ್ದೆ ಏನಾರ ಆದ್ರೆ?”

ಶಿವರಾಜು ಬೀಡಿ ತೆಗೆದವನು, ಮನೆಯಲ್ಲಿ ಅಮ್ಮ ಇದ್ದಾಳೆಂದು ನೆನಪಾಗಿ ಜೇಬಿಗೆ ಹಾಕಿಕೊಂಡ. ಶಶಿರೇಖಾ ಆಶಾ ಕಾರ್ಯಕರ್ತೆಗೆ ಫೋನು ಮಾಡಿದರೆ ಅವಳೂ ಹೇಳಿದ್ದು ಅದನ್ನೇ: ಪಕ್ಕೆ ಸೇದುತ್ತಿದ್ದರೆ ಒಂದು ಗಳಿಗೆ ತಡ ಮಾಡಬೇಡಿ. ಆ ಮಾತನ್ನು ಹೇಳಿದರೂ ಶಿವರಾಜು ಆಗದೆಂದು ತಲೆ ಅಲ್ಲಾಡಿಸಿದ. ಮಹದೇವು ಬೈಕಿನ ಚೈನಿಗೆ ಎಣ್ಣೆ ಬಿಡುವ ನೆಪದಲ್ಲಿ ತಲೆ ಬಗ್ಗಿಸಿ ಕುಳಿತಿದ್ದ. ಅಣ್ಣನ ಮಗಳ ವಿಷಯದಲ್ಲಿ ಅವನ ಮಾತು ನಡೆಯುವಂತಿರಲಿಲ್ಲ.

ಮನೆ ಶುದ್ಧವಾಗಿದೆ. ಆ ಒಂದು ಮಾತು ಶಶಿರೇಖಾಳ ತಲೆಯಲ್ಲಿ ಗಿರಕಿ ಹೊಡೆಯತೊಡಗಿತು. ಶುದ್ಧವಾಗಿದೆ ಎನ್ನುವ ತನಕ ಇವರು ಕಾಯುತ್ತಾರೆ. ನೇಮ ಮುರಿದಿದೆ ಎಂದು ಗೊತ್ತಾದರೆ? ಅಮ್ಮ ಮುನಿದು ಆಗಲೇ ಎದ್ದು ಹೋಗಿದ್ದಾಳೆ ಎಂದಾದರೆ? ಆಗ ಕಾಯುವುದು ಯಾರಿಗಾಗಿ?

ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಬೆಳಗಿನಿಂದ ಆಸ್ಪತ್ರೆ ಆಸ್ಪತ್ರೆ ಎಂದು ಪೀಡಿಸುತ್ತಿರುವವಳು, ಅದಕ್ಕೇ ಕತೆ ಕಟ್ಟುತ್ತಾಳೆ ಎನ್ನುತ್ತಾರೆ. ಆದರೆ ಆ ಪುಟದಲ್ಲಿ ಇರುವುದನ್ನು ಸುಳ್ಳೆಂದು ಊರಲ್ಲಿ ಯಾರೂ ಇದುವರೆಗೆ ಅಂದಿರಲಿಲ್ಲ.

ತನ್ನ ಅಡುಗೆಮನೆಗೆ ಹೋಗಿ ನೆಲದ ಮೇಲೆ ಕುಳಿತಳು. ಬರೆದಳು:

‘ಇವತ್ತು ಬೆಳಿಗ್ಗೆ ತಡೆಯಲಾಗಲಿಲ್ಲ. ಕಿಟಕಿ ಮುಚ್ಚಿ, ಸೌಟಿನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ ಸಾರಿಗೆ ಸುರಿದುಕೊಂಡು ಉಂಡೆ. ಮನೆಯಲ್ಲಿ ಅಮ್ಮ ಇದ್ದಾಳೆಂದು ಗೊತ್ತಿದ್ದೂ ಉಂಡೆ.’

ಅದನ್ನು ಕಳಿಸುವ ಮುಂಚೆ ಅವಳಿಗೆ ಅಂಜಿಕೆಯಾದದ್ದು ಊರಿಗಲ್ಲ. ಅಮ್ಮನ ಹೆಸರಿನಲ್ಲಿ, ಅಮ್ಮ ಇರುವ ಮನೆಯಲ್ಲೇ ಕುಳಿತು ಸುಳ್ಳು ಹೇಳುತ್ತಿದ್ದಳು. ಶಾಪ ಬಂದರೆ ನನಗೇ ಬರಲಿ ಎಂದುಕೊಂಡಳಂತೆ. ಗೋಡೆಯಾಚೆ ಮಗು ಇನ್ನೊಂದು ಸಲ ಕೆಮ್ಮಿತು. ಕೆಮ್ಮು ನಡುವೆಯೇ ನಿಂತುಹೋಯಿತು. ಹೆಬ್ಬೆರಳು ಒತ್ತಿದಳು.

ಆಮೇಲೆ ಕಾದಳು. ಕೂಡಲೇ ಹೋಗಿ ತೋರಿಸುವಂತಿರಲಿಲ್ಲ. ಊರವರ ಕಣ್ಣಿಗೆ ಮೊದಲು ಬೀಳಬೇಕಿತ್ತು. ಯಾರೋ ನಗುವ ಮುಖ ಹಾಕಿದರು. ಇನ್ಯಾರೋ ‘ಬಿಡಕ್ಕ, ಬಾಯಿ ಚಪಲ’ ಎಂದರು. ಕಡೆಗೆ ಊರಿನದೇ ಹೆಸರೊಂದು ಬಂತು. ‘ಇದೇನಕ್ಕ ಮಾಡ್ದೆ? ನಿಮ್ಮನೇಲಿ ಮಗೀಗೆ ಅಮ್ಮ ಆಗದೆ ಅಲ್ವಾ?’

ಎದ್ದು ಹೋಗಿ ಫೋನನ್ನು ಮಹದೇವುವಿನ ಕೈಗಿಟ್ಟಳು. “ಓದಿ.”

ಅವನು ಓದಿದ. ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು ಇನ್ನೊಂದು ಸಲ ಓದಿದ. “ದಿಟವಾ?” ಎಂದ. ಉತ್ತರಕ್ಕೆ ಕಾಯದೆ ಅವನು ಸೀದಾ ಒಳಗೆ ಹೋಗಿ ಅಣ್ಣನ ಮುಂದೆ, ಅವ್ವನ ಮುಂದೆ, ಅದನ್ನು ಗಟ್ಟಿಯಾಗಿ ಓದಿದ.

ಶಿವರಾಜು ಕೈ ಎತ್ತಿಕೊಂಡು ಬಂದ. ಮಹದೇವು ನಡುವೆ ನಿಂತ. “ನಾಲ್ಗೆ ಸುಟ್ಟೋಗ ನಿಂದು” ಎಂದಳು ರಂಜಿತ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

ಪಟ್ಟಲಮ್ಮ ಮಾತ್ರ ಬಯ್ಯಲಿಲ್ಲ. ಬೇವಿನ ಕಟ್ಟನ್ನು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದಳು. ಶಶಿರೇಖಾಳ ಮುಖವನ್ನು ಒಂದು ಸಲ ನೋಡಿ, ಗೋಡೆ ಬಳಸಿ, ಅವಳ ಅಡುಗೆಮನೆಯ ಕಡೆ ನಡೆದಳು.

ಆಗ ಶಶಿರೇಖಾಳಿಗೆ ಸೌಟಿನ ನೆನಪಾಯಿತು. ಮೊಳೆಯಲ್ಲಿ ತೂಗುತ್ತಿದ್ದ ಕಬ್ಬಿಣದ ಸೌಟು. ಇಷ್ಟು ದಿನ ಕೈ ಸೋಕದೆ ಅದರೊಳಗೆ ಧೂಳು ಕೂತಿತ್ತು, ಜೇಡ ಒಂದೆಳೆ ಎಳೆದಿತ್ತು. ಅಷ್ಟೆಲ್ಲ ಬರೆದವಳು ಒಂದು ತೊಟ್ಟು ಎಣ್ಣೆ ಸವರಿಡುವುದನ್ನು ಮರೆತಿದ್ದಳು. ಒಳಗೆ ಮುದುಕಿ ನಿಂತ ಹಾಗಾಯಿತು. ಸೌಟನ್ನು ಮೊಳೆಯಿಂದ ತೆಗೆದ ಸಣ್ಣ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಮಗುವಿನ ಉಸಿರೊಂದೇ, ಗರಗಸ ಎಳೆದ ಹಾಗೆ.

ಪಟ್ಟಲಮ್ಮ ತಿರುಗಿ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಊಂ ಕನಾ. ಒಗ್ಗರಣೆ ಆಕವ್ಳೆ” ಎಂದಳು. “ಮನೆ ಕೆಟ್ಟೋಯ್ತು. ಅಮ್ಮ ಇನ್ನಿಲ್ಲಿ ನಿಲ್ಲಾಕಿಲ್ಲ. ಏನ್ ನೋಡ್ತಾ ಕುಂತಿದ್ದೀಯ್ಲಾ ಶಿವ್ರಾಜಾ? ಮಗೀನ ಎತ್ಕೊ. ಎಲ್ಲಿಗಾರ ಓಗು.”

ಶಿವರಾಜು ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದ. ಊರಿನ ಮರಿಯಯ್ಯನ ಆಟೋ ಬಂತು. ಶಶಿರೇಖಾ ಹತ್ತಲು ಹೋದರೆ ರಂಜಿತ ಅವಳ ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದಳು. ಮಹದೇವು ಬೈಕಿನಲ್ಲಿ ಹಿಂದೆ ಹೋದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಪಟ್ಟಲಮ್ಮ ಜಗಲಿಯ ಮೇಲೆ ಕುಳಿತು ರಸ್ತೆ ನೋಡುತ್ತಿದ್ದಳು. ಶಶಿರೇಖಾ ಒಳಗೆ ಹೋಗಿ ನೋಡಿದಳು. ಸೌಟು ಮೊಳೆಯಲ್ಲೇ ಇತ್ತು. ಜೇಡದ ಎಳೆ ಹರಿದಿತ್ತು. ಧೂಳಿನಲ್ಲಿ ಒಂದು ಬೆರಳಿನ ಗುರುತಿತ್ತು.

ಬಿಸಿಲಿಳಿದ ಮೇಲೆ ಮಹದೇವುವಿನ ಫೋನು ಬಂತು. ಎದೆಯಲ್ಲಿ ಸೋಂಕಂತೆ, ಆಮ್ಲಜನಕ ಹಾಕಿದ್ದಾರಂತೆ, ಸರಿಯಾದ ಹೊತ್ತಿಗೆ ತಂದಿರಿ ಎಂದರಂತೆ. “ಬದುಕ್ತದಂತಾ?” ಎಂದು ಕೇಳಿದಳು ಪಟ್ಟಲಮ್ಮ. ಬದುಕುತ್ತದಂತೆ ಎಂದಾಗ ಸೆರಗು ಮುಖಕ್ಕೆ ಹಾಕಿಕೊಂಡಳು.

ದೀಪಿಕ ಮನೆಗೆ ಬಂದಳು. ಹಣೆಯ ಮೇಲೆ ಕಲೆ ಉಳಿದಿದೆ, ಅಷ್ಟೆ. ಶಶಿರೇಖಾಳ ಬಾಳು ಮಾತ್ರ ಮೊದಲಿನ ಹಾಗಾಗಲಿಲ್ಲ. ರಂಜಿತ ಮಾತು ಬಿಟ್ಟಳು. ಮಗುವನ್ನು ಈ ಕಡೆ ಬರಲು ಬಿಡುತ್ತಿರಲಿಲ್ಲ. ನಲ್ಲಿಯ ಬಳಿ ಹೆಂಗಸರು ಬಿಂದಿಗೆ ಸರಿಸಿಕೊಳ್ಳುವರು. “ಬಂದ್ಲು ನೋಡು, ಒಗ್ಗರಣೆ ರಾಣಿ.” ಅವಳೂ ಬಿಡುತ್ತಿರಲಿಲ್ಲ: “ಬನ್ನಿ, ನಿಮ್ಮ ಸಪ್ಪೆ ಸಾರಿಗೂ ಹಾಕ್ಕೊಡ್ತೀನಿ.” ಹಾಗೆಂದು ಮನೆಗೆ ಬಂದು, ಅಂದು ಬರೆದ ಆ ನಾಲ್ಕು ಸಾಲನ್ನು ತೆರೆದು ನೋಡುತ್ತ ಕೂರುವಳು. ತಿದ್ದಬೇಕು ಎನ್ನಿಸುವುದು. ತಿದ್ದಿದರೆ ಅತ್ತೆಯೂ ಸಿಕ್ಕಿಬೀಳುತ್ತಿದ್ದಳು. ಅಳಿಸಿಬಿಡು ಎಂದ ಮಹದೇವು. ಅಳಿಸುವುದೂ ಅವಳಿಗೆ ಇನ್ನೊಂದು ಸುಳ್ಳಿನ ಹಾಗೆ ಕಂಡಿತು.

ಎರಡು ಬೇಸಿಗೆ ಕಳೆದ ಮೇಲೆ ಅವಳಿಗೆ ಕಾಯಿಲೆ ಬಂತು. ರಕ್ತದ್ದು. ಮೈಮೇಲೆ ಕೆಂಪು ಚುಕ್ಕೆಗಳೆದ್ದು ಗೊತ್ತಾದದ್ದು. ಊರಿಗೆ ಅಷ್ಟು ಸಾಕಾಗಿತ್ತು. ಅಮ್ಮ ಮರೆತಿಲ್ಲ ನೋಡಿ ಎಂದರು. ಅವಳ ಕಿವಿಗೂ ಬಿತ್ತು. ಅವಳು ನಗಲಿಲ್ಲ. ಅಂದು ಅಡುಗೆಮನೆಯಲ್ಲಿ ತಾನೇ ಅಂದುಕೊಂಡಿದ್ದ ಮಾತನ್ನು ಅವಳು ಮರೆತಿರಲಿಲ್ಲ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಟ್ಟಲಮ್ಮ ಬಸ್ಸು ಹಿಡಿದು ಒಬ್ಬಳೇ ಬಂದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಸೊಸೆಯ ಪಾದ ಒತ್ತಿದಳು.

“ಅವತ್ತು ನಿಂಗೆ ಗೊತ್ತಿತ್ತಲ್ವಾ ಅತ್ತೆ?” ಎಂದಳು ಶಶಿರೇಖಾ.

“ಒಂದೇ ಸೂರಿನಡಿ ಒಗ್ಗರಣೆ ಆಕುದ್ರೆ ಮುಚ್ಚಿಡಾಕಾಯ್ತದಾ? ನನ್ ಮೂಗೇನ್ ಸತ್ತೋಗಿತ್ತಾ?”

“ಮತ್ತೆ ಇಷ್ಟು ದಿನ ಊರಿಂದ ಯಾಕೆ ಬೈಸ್ದೆ ನನ್ನ?”

ಪಟ್ಟಲಮ್ಮ ದನಿ ತಗ್ಗಿಸಿದಳು. “ಅಮ್ಮ ಕೇಳಿಸ್ಕತಾಳೆ ಕನವ್ವ. ನಾನೂ ಸುಳ್ಳೇಳಿವ್ನಿ ಅಂತ ಗೊತ್ತಾದ್ರೆ ಮಗೀಗೆ ತಿರುಗ್ತಾಳೇನೋ ಅಂತ ಬಾಯ್ಬುಡ್ನಿಲ್ಲ. ನಿನ್ನ ಮುಂದಕ್ಕೆ ಬುಟ್ಟು ನಾನು ಹಿಂದೆ ನಿಂತ್ಕಂಡೆ.”

“ಅದೊಂದನ್ನ ಸರಿ ಮಾಡ್ಬುಡ್ಲಾ? ನಂಗೆ ಅದೊಂದೇ ಚುಚ್ತಾ ಇರೋದು.”

ಮುದುಕಿ ಇನ್ನೊಂದು ಪಾದವನ್ನು ತೊಡೆಯ ಮೇಲೆಳೆದುಕೊಂಡಳು. “ನಾನಿರೋಗಂಟ ಬ್ಯಾಡ. ನಾನೋದ್ಮ್ಯಾಕೆ ಬರ್ಕೊ. ನಾನೇ ಓಗಿ ಅವ್ಳಿಗೆ ಏಳ್ಕತೀನಿ.”

“ಆಯ್ತತ್ತೆ” ಎಂದಳು ಶಶಿರೇಖಾ. ಮೊದಲು ಹೋಗುವವರು ಯಾರೆಂದು ಇಬ್ಬರಿಗೂ ತಿಳಿದಿತ್ತು. ಮತ್ತೆ ಅತ್ತೆಯ ಮುಂದೆ ಅವಳು ಆ ಮಾತೆತ್ತಲಿಲ್ಲ.

ಅವಳು ಮಾಘದಲ್ಲಿ ಹೋದಳು. ಈ ವರ್ಷ ಯುಗಾದಿಗೆ ಮುಂಚೆ ಪಟ್ಟಲಮ್ಮನೂ ಹೋದಳು. ಆ ನಾಲ್ಕು ಸಾಲಿನ ಕೆಳಗೆ ಜನ ಈಗಲೂ ಬರೆಯುತ್ತಾರೆ; ಪಾಪ ಎನ್ನುವವರಿದ್ದಾರೆ, ಮಾಡಿದ್ದುಣ್ಣೋ ಎನ್ನುವವರೂ ಇದ್ದಾರೆ. ತಿದ್ದಬೇಕಾದವಳು ಇಲ್ಲದ್ದರಿಂದ, ಅವಳ ಬಾಯಿಂದಲೇ ಕೇಳಿದ್ದ ನಾನು ಇದನ್ನು ಇಲ್ಲಿ ಬರೆದಿಡಬೇಕಾಯಿತು. ಆ ಭಾನುವಾರ ಬೆಳಿಗ್ಗೆ ಆ ಮನೆಯಲ್ಲಿ ಯಾರೂ ಒಗ್ಗರಣೆ ಹಾಕಿರಲಿಲ್ಲ. ಶಶಿರೇಖಾ ಉಂಡದ್ದು ರಾಗಿ ಮುದ್ದೆ, ಬೇಯಿಸಿ ಉಪ್ಪು ಹಾಕಿದ ಹುರುಳಿಕಾಳು. ಅದನ್ನೂ ಅವಳು ಅರ್ಧಕ್ಕೇ ಬಿಟ್ಟು ಎದ್ದಿದ್ದಳು. ಗೋಡೆಯಾಚೆ ಮಗು ಕೆಮ್ಮುತ್ತಿತ್ತು.